ಅಜ್ಜಿಗೆ ಮಡಿಸಿದ ಎಲೆಯಡಿಕೆ

ಕೋಳಿಸಾರಿನ ಪರಿಮಳ ಮುಚ್ಚಿದ ಬಾಗಿಲ ಸಂದಿಯಿಂದ ಹೊರಗೆ ಬರುತ್ತಿದೆ, ಒಳಗೆ ತೀರಿಹೋದ ಹಿರಿಯರಿಗೆ ಬಡಿಸಿಟ್ಟಾಗಿದೆ, ಅವರು ಬಂದು ಉಂಡು ಹೋಗುವಷ್ಟು ಹೊತ್ತು ನಾವೆಲ್ಲ ಚಾವಡಿಯಲ್ಲಿ ತುಟಿಪಿಟಕ್ಕೆನ್ನದೆ ನಿಲ್ಲಬೇಕು, ಬರುವುದೆಲ್ಲಿಂದ, ಯಾರೂ ಬರುವುದಿಲ್ಲ, ಆಮೇಲೆ ಅದನ್ನು ಚಪ್ಪರಿಸುವವರು ನಾವೇ — ತೃಷಾಳಿಗೆ ಹೀಗೆ ಹೇಳಿಕೊಟ್ಟವನು ನಾನು, ಅವಳ ಅಪ್ಪ, ಯಾರು ಹೇಳಿದರೂ ನಂಬಬೇಡ ಮಗಳೇ, ಪರೀಕ್ಷೆ ಮಾಡಿ ನೋಡು, ಎಂದು ದೊಡ್ಡ ಜಾಣನ ಹಾಗೆ. ಮಾಡಿದ್ದುಣ್ಣೋ ಮಹಾರಾಯ. ಮಂಡೆಕೋಲಿನ ಈ ಮನೆಗೆ ಬಂದಿಳಿದ ಕೂಡಲೇ ಅಣ್ಣ ತೀರ್ಥರಾಮ ಅವಳನ್ನು ಹತ್ತಿರ ಕೂರಿಸಿಕೊಂಡು, ಈ ಸಲ ನಿನ್ನ ದುಗ್ಗಮ್ಮಜ್ಜಿಯೂ ಬರ್ತಾರೆ ಗೊತ್ತುಂಟಾ, ಹೋದ ಮಳೆಗಾಲದಲ್ಲಿ ತೀರಿಕೊಂಡ ಮೇಲೆ ಅವರಿಗೆ ಇದೇ ಮೊದಲು — ಅಷ್ಟು ಕೇಳಿದ್ದೇ, ತಾನೇ ವೀಳ್ಯದೆಲೆಗೆ ಸುಣ್ಣ ಸವರಿ, ಅಡಿಕೆ ಇಟ್ಟು, ಅಜ್ಜಿ, ನನ್ನ ಅಮ್ಮ, ಕಲಿಸಿದ ಹಾಗೆಯೇ ಮಡಿಸಿ, ಬಾಳೆಲೆಯ ತುದಿಗಿಟ್ಟು ಬಂದು ನನ್ನ ಕಿವಿಯಲ್ಲಿ, ಅಪ್ಪ, ಇದು ಪರೀಕ್ಷೆ, ಅಜ್ಜಿ ಇದನ್ನು ತಿಂದ್ರೆ ದೊಡ್ಡಪ್ಪ ಹೇಳುದು ಸರಿ, ಇಲ್ಲದಿದ್ರೆ ನೀವು ಹೇಳುದು, ಎಂದಳು. ನಾನು ಸೋಲಲಿ ಎಂದು ಹರಕೆ ಹೊತ್ತವಳ ಹಾಗೆ ಬಾಗಿಲನ್ನೇ ನೋಡುತ್ತಿದ್ದಾಳೆ, ಅಜ್ಜಿಯ ಮಗ್ಗುಲಲ್ಲೇ ಮಲಗಿ ಬೆಳೆದ ಹುಡುಗಿ, ಬಾಗಿಲು ತೆರೆದಾಗ ಆ ಎಲೆಯಡಿಕೆ ಇಟ್ಟಲ್ಲೇ ಇದ್ದರೆ — ನನ್ನ ಮಾತು ಗೆಲ್ಲುತ್ತದೆ, ಅವಳಿಗೆ ಅಜ್ಜಿ ಇನ್ನೊಮ್ಮೆ ಸಾಯುತ್ತಾರೆ, ಯಾರಿಗೆ ಬೇಕು ಈ ಗೆಲುವು, ಆದರೆ ಮಗಳಿಗೆ ಸುಳ್ಳು ಹೇಳುವುದಿಲ್ಲ ಎಂದು ಎದೆ ತಟ್ಟಿಕೊಂಡವನೂ ನಾನೇ, ಹೆದರಿಕೆಯಾಗುತ್ತಿದೆ, ಕಾಲು ಆಗಲೇ ಹಿತ್ತಿಲ ಬಾಗಿಲಿನ ಕಡೆ ನಡೆದಿದೆ, ಅಡುಗೆಮನೆ, ಅಲ್ಲಿಂದ ಒಳಗೆ, ದೀಪ, ಬಾಳೆಲೆ, ಅದರ ತುದಿಯಲ್ಲಿ ಅದು, ಆ ಪುಟ್ಟ ಎಲೆಯಡಿಕೆ, ಎತ್ತಿಕೊಂಡೆ, ಎಲ್ಲಿ ಅಡಗಿಸಲಿ, ಉಟ್ಟ ಪಂಚೆಗೆ ಕಿಸೆ ಎಲ್ಲಿಯದು, ಗಡಿಬಿಡಿಯಲ್ಲಿ ಬಾಯಿಗೆ ಹಾಕಿಕೊಂಡು ಓಡಿಬಂದು ಅವಳ ಹಿಂದೆ ನಿಂತು ಜಗಿಯುತ್ತಿದ್ದೇನೆ, ಯಾರೂ ನೋಡಲಿಲ್ಲ, ನುಂಗಿಬಿಟ್ಟರೆ ಮುಗಿಯಿತು, ಗಂಟಲಿಗೆ ಇಳಿಯುತ್ತಿಲ್ಲ, ಅಣ್ಣ ಕೆಮ್ಮಿ ಬಾಗಿಲು ತೆಗೆಯುತ್ತಾನೆ, ಇಷ್ಟು ಬೇಗ ಯಾಕೆ, ಅವಳು ಓಡುತ್ತಾಳೆ, ಇಲ್ಲ ಅಪ್ಪ, ಎಲೆಯಲ್ಲಿ ಇಲ್ಲ, ಅಜ್ಜಿ ಬಂದಿದ್ರು, ತಿಂದು ಹೋಗಿದ್ದಾರೆ, ಅವಳ ಮುಖದಲ್ಲಿ ಇಂಥ ಖುಷಿ ಕಂಡು ಎಷ್ಟು ಕಾಲವಾಯಿತು, ನೀವು ಹೇಳಿದ್ದು ತಪ್ಪು, ಒಪ್ಪಿಕೊಳ್ಳಿ, ಎಂತ ಅಪ್ಪ, ಮಾತಾಡುದಿಲ್ಲ ಎಂತ, ಬಾಯಿ ತುಂಬ ರಸ, ತುಟಿ ಬಿಗಿಹಿಡಿದು ತಲೆಯಾಡಿಸುತ್ತೇನೆ, ಗದ್ದದ ಮೇಲೆ ಬೆಚ್ಚಗೆ ಏನೋ ಇಳಿಯುತ್ತಿದೆ, ಅವಳ ನಗು ನಿಂತಿದೆ, ಅವಳ ಕಣ್ಣು ಆ ಕೆಂಪಿನ ಮೇಲೆ, ಆ ಕೆಂಪಿನ ಮೇಲೆಯೇ