ಕಟ್ಟೆಯ ಮೇಲಿನ ತೀವ್ರಗಾಮಿಗಳು

ಮೋಡ ಕವಿದದ್ದು ಕಂಡು ಶಂಭುಲಿಂಗಪ್ಪ ಏದುಸಿರು ಬಿಡುತ್ತ ಶಾಲೆಯ ಮೈದಾನಕ್ಕೆ ಓಡಿಬಂದ. ಅವನ ಎಂಟು ಚೀಲ ಬ್ಯಾಡಗಿ ಮೆಣಸಿನಕಾಯಿ ಮೈದಾನದ ತುಂಬ ಹರವಿದಂತೆಯೇ ಬಿದ್ದಿತ್ತು. ಪ್ರತಿವರ್ಷ ಹೀಗಲ್ಲ. ಮೋಡ ಕಂಡರೆ ಸಾಕು, ಮಕ್ಕಳು ಹೋ ಎಂದು ಹೊರಬಿದ್ದು, ಕಾಯಿ ಬಳಿದು ರಾಶಿ ಮಾಡಿ, ತಾಡಪಾಲು ಹೊದಿಸಿ, ಸೀನುತ್ತ ಒಳಗೆ ಹೋಗುವವು. ಅದಕ್ಕೆ ತಲೆಗೊಂದು ಪೆಪ್ಪರಮೆಂಟು ಕೊಟ್ಟು ಅವನು ಭಾರಿ ದಾನಶೂರನಂತೆ ನಿಲ್ಲುತ್ತಿದ್ದ.

ಇವತ್ತು ಎಂಟನೆಯ ತರಗತಿಯ ಹುಡುಗಿಯರು ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದರು. ನಟ್ಟನಡುವೆ ಅವನದೇ ಮೊಮ್ಮಗಳು ರೋಹಿಣಿ.

“ಏಯ್, ಏನ್ ನೋಡ್ಕೋಂತ ಕುಂತೀರಿ? ಏಳ್ರಿ! ಮಳಿ ಬಂತು!”

“ನಾವು ತೀವ್ರಗಾಮಿಗಳು, ಅಜ್ಜಾ,” ಎಂದಳು ರೋಹಿಣಿ. “ಬಹಿಷ್ಕಾರ ಹಾಕೇವಿ. ಕಾಯಿ ಮುಟ್ಟೂದಿಲ್ಲ.”

ಶಂಭುಲಿಂಗಪ್ಪ ಬಾಗಿಲಲ್ಲಿ ನಿಂತ ಮಹಾಲಕ್ಷ್ಮಿ ಟೀಚರ ಕಡೆ ತಿರುಗಿದ. “ಏನ್ರೀ ಇದು?”

“ಸ್ವಾತಂತ್ರ್ಯ ಹೋರಾಟದಾಗ ಮಂದಗಾಮಿಗಳು ಅರ್ಜಿ ಬರದ್ರು, ತೀವ್ರಗಾಮಿಗಳು ಬಹಿಷ್ಕಾರ ಹಾಕಿದ್ರು ಅಂತ ಪಾಠ ಮಾಡಿದ್ನಿರಿ. ನಾ ಮಾಡಿದ್ದು ಅಷ್ಟರೀ,” ಎಂದು ಟೀಚರು ಸೆರಗಿನಲ್ಲಿ ನಗು ಮುಚ್ಚಿಕೊಂಡರು.

“ಮತ್ತ ಆ ಮಂದಗಾಮಿಗಳು ಎಲ್ಲಿ ಸತ್ತಾರ?”

“ಇಲ್ಲೇ ಅದೀನ್ರಿ ಕಾಕಾ,” ಎಂದು ಅದೇ ತರಗತಿಯ ಖುಷ್ಬೂ ಮಡಿಸಿದ ಕಾಗದ ಹಿಡಿದು ಮುಂದೆ ಬಂದಳು. “ಇದು ಮೂರನೇ ಅರ್ಜಿರಿ. ಶನಿವಾರ ಕುಂದಗೋಳದಾಗ ಖೋ ಖೋ ಮ್ಯಾಚ್ ಐತಿ. ಕಾಯಿ ಹರವಿದಾಗಿಂದ ನಾವು ಒಂದ್ ದಿನಾನೂ ಓಡಿಲ್ಲ. ಮೈದಾನ ಬಿಟ್ಟುಕೊಡ್ರಿ, ನಿಮ್ಮ ಮಾಳಗಿಗೆ ಕಾಯಿ ನಾವಽ ಹೊತ್ತು ಹಾಕ್ತೀವಿ.”

ಮೊದಲ ಅರ್ಜಿಯಲ್ಲಿ ಅವನು ಅಡಿಕೆ ಕಟ್ಟಿಟ್ಟುಕೊಂಡಿದ್ದ. ಎರಡನೆಯದು ಎಲ್ಲಿ ಹೋಯಿತೋ, ದೇವರೇ ಬಲ್ಲ.

“ಮತ್ತ ನಾ ಯಾರು, ನಿಮ್ಮ ಆಟದಾಗ?”

“ಬ್ರಿಟಿಷ್ ಸರ್ಕಾರ,” ಎಂದಳು ರೋಹಿಣಿ.

ಶಂಭುಲಿಂಗಪ್ಪನಿಗೆ ಕಪಾಳಕ್ಕೆ ಬಿಗಿದಂತಾಯಿತು. ಪ್ರತಿ ಆಗಸ್ಟ್ ಹದಿನೈದಕ್ಕೆ ಇದೇ ಕಟ್ಟೆಯ ಮೇಲೆ ನಿಂತು, ತನ್ನ ಮುತ್ತಜ್ಜ ಮೈಮೇಲಿನ ವಿಲಾಯತಿ ದೋತರ ಬಿಚ್ಚಿ ಬೆಂಕಿಗೆ ಹಾಕಿ, ಲಂಗೋಟಿಯಲ್ಲಿ ಊರಿಗೆ ಬಂದ ಕತೆ ಹೇಳಿ ಕಣ್ಣೊರೆಸಿಕೊಳ್ಳುವವನು ಅವನು.

“ನಾ ಬ್ರಿಟಿಷಾ? ನಮ್ಮ ಮುತ್ತಜ್ಜ ದೋತರಾ ಸುಟ್ಟಾಂವ!”

“ಅದಕ್ಕಽ ಅಜ್ಜಾ. ಬಹಿಷ್ಕಾರ ಅಂದ್ರ ಏನಂತ ನೀನಽ ಅಲ್ಲೇನು ಹೇಳಿಕೊಟ್ಟಾಂವ?”

ಬೋಳುತಲೆಯ ಮೇಲೆ ಟಪ್ಪೆಂದು ಒಂದು ಹನಿ ಬಿತ್ತು. ಸಿಟ್ಟು ಬಂತು, ನಾಚಿಕೆಯೂ ಬಂತು. ಏನು ಮಾಡುವುದು, ಅವೆರಡನ್ನೂ ತಳ್ಳಿಕೊಂಡು ನಗುವೇ ಮೊದಲು ಹೊರಗೆ ಬಂತು.

“ತಾರವಾ ಪೆನ್ನು!” ಎಂದು, ಖೋ ಖೋ ಕಂಬಕ್ಕೆ ಕಾಗದ ಒತ್ತಿ ಹಿಡಿದು, ಓದದೆಯೇ ಸಹಿ ಗೀಚಿ, ತನ್ನ ಕಿಸೆಗೇ ತುರುಕಿಕೊಂಡ.

ಆಹಾ, ಆಮೇಲಿನ ಗದ್ದಲವೇ! ಕಟ್ಟೆಯಿಂದ ಮೊದಲು ಹಾರಿದವಳು ರೋಹಿಣಿ. ಮಂದಗಾಮಿ ಯಾರು, ತೀವ್ರಗಾಮಿ ಯಾರು ತಿಳಿಯದಂತೆ ಎಲ್ಲರೂ ಬಳಿದರು, ಹೊತ್ತರು, ಸೀನಿದರು. ಕಾಯಿಯೆಲ್ಲ ಗೋಡೆಯ ಬದಿಗೆ ಹೋಗಿ ತಾಡಪಾಲಿನಡಿ ಸೇರಿತು. ಸಂಜೆ ಮಾಳಿಗೆಗೆ ಸಾಗಿಸುವುದೆಂದು ಮಾತಾಯಿತು.

ಮಳೆ ಮಾತ್ರ ನಾಲ್ಕೇ ಹನಿ ಉದುರಿಸಿ ನವಲಗುಂದದ ಕಡೆ ಹೋಯಿತು. ಬಿಸಿಲು ಚುರುಕಾಯಿತು. ಮತ್ತೆ ಹರವೋಣವೇ ಎಂಬ ಮಾತು ಶಂಭುಲಿಂಗಪ್ಪನ ನಾಲಿಗೆಯ ತುದಿಯವರೆಗೂ ಬಂದಿತ್ತು. ಅಷ್ಟರಲ್ಲಿ ಖುಷ್ಬೂ ಸುಣ್ಣದ ಗೆರೆ ಎಳೆಯತೊಡಗಿದ್ದಳು. ಅವನು ಮಾತು ನುಂಗಿಕೊಂಡು, ಹುಡುಗಿಯರು ಬಿಟ್ಟ ಜಾಗದಲ್ಲೇ ಕಾಲು ಇಳಿಬಿಟ್ಟು ಕೂತ.

ಕಿಸೆಯಿಂದ ಅರ್ಜಿ ತೆಗೆದು ಈಗ ಓದಿದ. ತಾನು ಅವಸರದಲ್ಲಿ ಹಾಕಿದ ಸಹಿಯ ಕೆಳಗೆ ಹುಡುಗಿಯರು ಮೊದಲೇ ‘ಘನ ಸರ್ಕಾರ’ ಎಂದು ಬರೆದಿಟ್ಟಿದ್ದರು. ಪೆನ್ನು ಇನ್ನೂ ಅವನ ಕೈಯಲ್ಲೇ ಇತ್ತು. ‘ಸರ್ಕಾರ’ವನ್ನು ಹೊಡೆದುಹಾಕಿ, ಕೆಳಗೆ ಸೊಟ್ಟ ಅಕ್ಷರದಲ್ಲಿ ‘ದೋತರ ಸುಟ್ಟವನ ಮರಿಮೊಮ್ಮಗ’ ಎಂದು ಬರೆದ.

ಮೈದಾನದಲ್ಲಿ ರೋಹಿಣಿ “ಖೋ!” ಎಂದಳು. ಎದ್ದು ಓಡಬೇಕಾದವಳು ಮೊದಲು ಸೀನಿದಳು.