ಬಟನ್ನಿಗೊಂದು ಸಮಿತಿ

ವಿಮಾ ಕಚೇರಿಯ ಪತ್ರ ವಿಭಾಗಕ್ಕೆ ಒಂದು ಬಟನ್ ಬೇಕಾಗಿತ್ತು. ಪತ್ರ ಬರೆಯುವ ತಂತ್ರಾಂಶದ ನೆತ್ತಿಯ ಮೇಲೆ ಕೂರುವ ಆ್ಯಡ್-ಇನ್. ಒತ್ತಿದರೆ ಗ್ರಾಹಕರ ಹೆಸರು, ವಿಳಾಸ ತಾವಾಗಿಯೇ ಬಂದು ತುಂಬಿಕೊಳ್ಳಬೇಕು. ಅದನ್ನು ಮಾಡಲೆಂದೇ ಒಬ್ಬನನ್ನು ಗುತ್ತಿಗೆಯ ಮೇಲೆ ತಂದಿದ್ದರು. ಕೆಲಸ ಕೊಡಿಸಿದವಳು ಅದೇ ವಿಭಾಗದಲ್ಲಿದ್ದ ಅವನ ಸ್ವಂತ ಅಕ್ಕ. ಹಾಗಾಗಿ ಕಚೇರಿಗೆಲ್ಲ ಅವನು ತಮ್ಮನೇ. ಎಲ್ಲರ ಕಂಪ್ಯೂಟರಿಗೂ ಬಟನ್ ಹೋಗಿ ಕೂತ ದಿನ ಗುತ್ತಿಗೆ ಮುಗಿಯುತ್ತಿತ್ತು.

ಕೂಸು ಹುಟ್ಟುವ ಮುಂಚೆಯೇ ಕುಲಾವಿ ಹೊಲಿಸುವ ಜಾತಿಯವರು ಮ್ಯಾನೇಜರ್. ಬಟನ್ನನ್ನು ಯಾವ ಸಾಧನದಿಂದ ಕಟ್ಟುವುದು, ಯಾವುದರಿಂದ ಎಲ್ಲರ ಕಂಪ್ಯೂಟರಿಗೂ ಹಂಚುವುದು ಎಂದು ತೀರ್ಮಾನಿಸಲು ಸಮಿತಿ ಮಾಡಿದರು. ವೈರಸ್ಸಿಗೆ ಬಾಗಿಲು ತೆರೆಯುವ ಹಳೇ ಮ್ಯಾಕ್ರೋ ಸಾಕೆಂದರೆ ಭದ್ರತಾ ವಿಭಾಗದವರಿಗೆ ಜ್ವರ ಬರುತ್ತಿತ್ತು. ಬ್ರೌಸರಿನಲ್ಲೂ ಓಡುವ ಹೊಸ ಬಗೆಯದೆಂದರೆ ಲೆಕ್ಕಪತ್ರದವರ ಮುದಿ ಕಂಪ್ಯೂಟರುಗಳು ಒಲ್ಲೆ ಎನ್ನುತ್ತಿದ್ದವು. ಎರಡಕ್ಕೂ ಹೊಂದುವುದು ಇನ್ನೊಂದಿತ್ತು, ಅದರ ಹೆಸರು ಮ್ಯಾನೇಜರ್ ಬಾಯಲ್ಲಿ ಹೊರಳುತ್ತಿರಲಿಲ್ಲ. ಇನ್ನೇನು ಒಮ್ಮತ ಬಂತು ಎನ್ನುವಾಗ ತಮ್ಮ ಎದ್ದು ವಿನಯದಿಂದ, "ಸಾರ್, ಇನ್ನೊಂದು ಹೊಸದು ಬಂದಿದೆಯಂತೆ" ಎನ್ನುತ್ತಿದ್ದ. ಮತ್ತೊಂದು ಸಭೆ ಗೊತ್ತಾಗುತ್ತಿತ್ತು.

ಅಸಲಿಗೆ ಬಟನ್ ಎಂದೋ ಸಿದ್ಧವಾಗಿ ಅವನ ಕಂಪ್ಯೂಟರಿನಲ್ಲಿ ಕೂತಿತ್ತು. ಹೊರಗೆ ಬಿಟ್ಟರೆ ಹೊಟ್ಟೆಪಾಡಿಗೇ ಕಲ್ಲು, ಅದೂ ಹೆಂಡತಿ ತುಂಬು ಬಸುರಿಯಾಗಿರುವಾಗ.

ಅಕ್ಕನ ಮಣಿಕಟ್ಟು ಮಾತ್ರ ಸಮಿತಿಗೆ ಕಾಯಲಿಲ್ಲ. ಒಂದು ಮಧ್ಯಾಹ್ನ ಊಟದ ಡಬ್ಬಿಯ ಮುಚ್ಚಳ ತೆಗೆಯಲಾಗದೆ ಅವನ ಕಡೆ ತಳ್ಳಿದಳು.

"ವಿಳಾಸ ಕುಟ್ಟಿ ಕುಟ್ಟಿ ಬಲಗೈ ಬಿದ್ದೇ ಹೋಗಿದೆ ಕಣೋ. ನಿನ್ನ ಬಟನ್ ಯಾವ ಕಾಲಕ್ಕೆ ಬರುತ್ತೋ?"

ಅವನು ಮುಚ್ಚಳ ತೆಗೆದುಕೊಟ್ಟ. ಕೈ ತೊಳೆದವನೇ ಅವಳ ಕಂಪ್ಯೂಟರಿಗೆ ಬಟನ್ ಹಾಕಿದ. "ಯಾರಿಗೂ ಹೇಳ್ಬೇಡ ಅಕ್ಕ."

"ನಾನ್ಯಾಕೆ ಹೇಳ್ಲಿ?" ಎಂದಳು. ಪಕ್ಕದ ಮೇಜಿನವಳಿಗೆ ಮಾತ್ರ ಹೇಳಿ, ಆಣೆ ಹಾಕಿಸಿ, ಪೆನ್ ಡ್ರೈವಿನಲ್ಲಿ ಕೊಟ್ಟಳು. ಅವಳೂ ಆಣೆ ಹಾಕಿಸಿಯೇ ಮುಂದಿನವಳಿಗೆ ದಾಟಿಸಿದಳು. ಸಮಿತಿಗೆ ವರ್ಷವಾದರೂ ಬಗೆಹರಿಯದ ಹಂಚಿಕೆ ಹೀಗೆ ಆಣೆಗಳ ಮೇಲೆಯೇ ಮುಗಿದುಹೋಯಿತು.

ಪತ್ರಗಳೆಲ್ಲ ಮಧ್ಯಾಹ್ನದೊಳಗೇ ಮುಗಿಯುವುದನ್ನು ಕಂಡು ಮ್ಯಾನೇಜರ್ ತಮ್ಮನನ್ನು ಕರೆಸಿದರು. ಕೆಲಸ ಹೋಯಿತೆಂದುಕೊಂಡೇ ಅವನು ಹೋಗಿ ನಿಂತ.

"ಸಮಿತಿ ಇನ್ನೂ ಸಾಧನ ಆರಿಸಿಲ್ಲ. ಈ ಬಟನ್ ಹೇಗ್ರೀ ಕೆಲಸ ಮಾಡ್ತಿದೆ?"

"ಚೆನ್ನಾಗೇ ಮಾಡ್ತಿದೆ ಸಾರ್."

"ಅದೇ ತಪ್ಪು! ಇದನ್ನ ತೆಗೆಸ್ಬೇಕು. ತೆಗೆಯೋಕೆ ಯಾವ ಸಾಧನ ಅಂತ ನೋಡೋಕೆ ಬೇರೆ ಸಮಿತಿ ಮಾಡ್ತೀನಿ, ನೀವೇ ಕಾರ್ಯದರ್ಶಿ. ಸಮಿತಿ ಮುಗಿಯೋವರೆಗೂ ನಿಮ್ಮ ಗುತ್ತಿಗೆ ಮುಂದುವರಿಯುತ್ತೆ. ಅಲ್ಲೀತನಕ ಯಾರೂ ಆ ಬಟನ್ ಒತ್ತೋ ಹಾಗಿಲ್ಲ."

ಹಿಗ್ಗಿನಿಂದ ಓಡಿಬಂದ ತಮ್ಮ ಅಕ್ಕನಿಗೆ ಎಲ್ಲವನ್ನೂ ಹೇಳಿದ. ಕೊನೆಯ ಮಾತು ಹೇಳುವಾಗ ಮಾತ್ರ ದನಿ ಇಳಿಯಿತು.

ಅಕ್ಕ ಪರದೆಯ ಮೇಲಿನ ಬಟನ್ನನ್ನು ಒಂದು ಗಳಿಗೆ ನೋಡಿದಳು.

"ಹಂಗಾದ್ರೆ ಸಮಿತೀನ ನಿಧಾನಕ್ಕೇ ನಡೆಸೋ" ಎಂದವಳು, ಎಡಗೈಯ ಒಂದೇ ಬೆರಳಿನಿಂದ ವಿಳಾಸ ಕುಟ್ಟತೊಡಗಿದಳು.