ತಾರೀಖಿಲ್ಲದ ಕಾಗದ

ಕಾರ್ಬನ್ ಇಲ್ಲದೆ ಟೈಪ್‌ರೈಟರಿಗೆ ಹಾಳೆ ಏರಿಸುವುದು ನನ್ನ ಕೈಗೆ ಗೊತ್ತಿಲ್ಲ. ಎರಡು ಹಾಳೆಗಳ ನಡುವೆ ಕಾರ್ಬನ್ ಸಿಕ್ಕಿಸುವುದು, ಕಚೇರಿ ಪ್ರತಿಯ ಮೇಲೆ ಆ ದಿನದ ತಾರೀಖಿನ ಠಸ್ಸೆ ಒತ್ತುವುದು, ಜಾವಕ ವಹಿಯಲ್ಲಿ ನಂಬರು ಹಾಕಿ ಯಾರಿಗೆ ಏನು ಹೋಯಿತೆಂದು ಬರೆಯುವುದು, ಇದೆಲ್ಲ ತಲೆಗೆ ಕೇಳದೆ ಕೈಯೇ ಮಾಡಿ ಮುಗಿಸುತ್ತದೆ. ಗೋದಾವರಿ ದಂಡೆಯ ದೇವಳಖೇಡದ ಕೋರ್ಟಿನಲ್ಲಿ ಮೂವತ್ತೆರಡು ವರ್ಷ ವಕೀಲರ ಕಾರಕೂನನಾಗಿದ್ದವನ ಚಾಳಿ ಇದು. ಒಳ್ಳೆಯ ಚಾಳಿ ಎಂದೇ ತಿಳಿದಿದ್ದೆ. ಆಮೇಲೆ ಅದೇ ನನ್ನ ಕುತ್ತಿಗೆಗೆ ಬಂತು.

ನನ್ನ ವಕೀಲರು ಇಂದುಮತಿ ಶೇಳಗಾಂವಕರ, ಊರಿಗೆಲ್ಲ ಅಕ್ಕಾಸಾಹೇಬ. ಅವರ ಹೆಸರು ಎದ್ದದ್ದು ಗಯಾಬಾಯಿಯ ಕೇಸಿನಿಂದ. ಕಾಲುವೆ ನೀರಿನ ಅರ್ಜಿ ಎಂದು ಹೇಳಿ ಊರ ಗೌಡಕಿಯವರು ಗಯಾಬಾಯಿಯ ಹೆಬ್ಬೆಟ್ಟನ್ನು ಖಾಲಿ ಕಾಗದಕ್ಕೆ ಒತ್ತಿಸಿಕೊಂಡು, ಮೇಲೆ ಹೊಲ ಬಿಟ್ಟುಕೊಟ್ಟಿದ್ದಾಳೆಂದು ಬರೆದುಕೊಂಡಿದ್ದರು. ಅಕ್ಕಾಸಾಹೇಬ ಆರು ವರ್ಷ ಬಡಿದಾಡಿ ಆ ಕಾಗದವನ್ನು ರದ್ದು ಮಾಡಿಸಿದರು. ಆಮೇಲೆ ಹಳ್ಳಿ ಹಳ್ಳಿಗೆ ಹೋಗಿ ಹೆಂಗಸರನ್ನು ಕೂರಿಸಿಕೊಂಡು ಒಂದೇ ಮಾತು ಹೇಳುತ್ತಿದ್ದರು: "ಖಾಲಿ ಕಾಗದಕ್ಕ ಕೈ ಹಚ್ಚಬ್ಯಾಡ್ರೆವ್ವಾ, ಯಮ ಬಂದು ಕೇಳಿದ್ರೂ ಹಚ್ಚಬ್ಯಾಡ್ರಿ." ಆ ಮಾತೇ ಗೋಡೆ ಗೋಡೆಯ ಮೇಲೆ ಸುಣ್ಣದಲ್ಲಿ ಬಂತು. ಆ ಮಾತೇ ಅವರನ್ನು ಮುಂಬಯಿಯ ವಿಧಾನಸಭೆಗೆ ಎರಡು ಸಲ ಕಳಿಸಿತು.

ಮೂರನೆಯ ಸಲ ಪಕ್ಷದ ಯಜಮಾನ ಬಾಪೂಸಾಹೇಬ, ಲೋಕಸಭೆಗೆ ನಿಲ್ಲಬೇಕೆಂದು ಹೇಳಿ ಕಳಿಸಿದರು. ಟಿಕೆಟ್ ತಂದವನು ಅವರ ಬಲಗೈ ನಾಗನಾಥ. ಟಿಕೆಟಿನ ಜೊತೆ ಒಂದು ಶರತ್ತನ್ನೂ ತಂದಿದ್ದ. ಲೋಕಸಭೆಯ ಸ್ಪೀಕರಿಗೆ ರಾಜೀನಾಮೆ ಬರೆದು, ಸಹಿ ಮಾಡಿ, ತಾರೀಖು ಹಾಕದೆ ಕೊಡಬೇಕು. ಬಾಪೂಸಾಹೇಬರ ಪಕ್ಷದಲ್ಲಿ ಎಲ್ಲರೂ ಹಾಗೆ ಕೊಟ್ಟೇ ನಿಲ್ಲುವುದು. ಮಾತು ಮೀರಿದ ದಿನ ಅವರು ತಾರೀಖು ತುಂಬುತ್ತಾರೆ, ಮೀರಿದವನು ಮನೆಗೆ ಹೋಗುತ್ತಾನೆ.

"ಇನ್ನೂ ಆರಿಸೇ ಬಂದಿಲ್ಲ, ಈಗ್ಲೇ ರಾಜೀನಾಮೆ ಏನು ನಾಗನಾಥ?" ಎಂದು ಅಕ್ಕಾಸಾಹೇಬ ನಕ್ಕರು.

ನಾಗನಾಥ ನಗಲಿಲ್ಲ. "ಹೊರಗ ಇನ್ನೂ ಮೂರು ಮಂದಿ ಪೆನ್ನು ಹಿಡ್ಕೊಂಡು ನಿಂತಾರ, ಅಕ್ಕಾಸಾಹೇಬ. ಮತ್ತ ನಿಮ್ಮ ತಮ್ಮನ ಮ್ಯಾಲಿನ ಸೊಸೈಟಿ ರೊಕ್ಕದ ಕೇಸು ಇನ್ನೂ ಬಾಪೂಸಾಹೇಬ್ರ ಕೈಯಾಗ ಐತಿ, ನೆನಪಿರಲಿ."

ನಾನು ಟೈಪ್ ಮಾಡಿದೆ. ಅವರು ಎರಡು ಸಲ ಓದಿ ಸಹಿ ಮಾಡಿದರು. ನಾಗನಾಥ ಮೇಲಿನ ಹಾಳೆ ಎಳೆದುಕೊಂಡು ಹೋದ. ಕಾರ್ಬನ್ ಪ್ರತಿಯ ಮೇಲೆ ನನ್ನ ಕೈ ಠಸ್ಸೆ ಒತ್ತಿತು. ಜಾವಕ ನಂಬರು ಇನ್ನೂರ ಹದಿನಾಲ್ಕು. ಮೇಲೆ ಬಾಡಿಗೆದಾರನಿಗೆ ಹೋದ ಒಂದು ನೋಟೀಸು, ಕೆಳಗೆ ಸರ್ವೆ ಆಫೀಸಿಗೆ ಹೋದ ಅರ್ಜಿ, ನಡುವೆ ಇದು. ಏನು ಬರೆದೆನೆಂದು ಹೊಳೆದದ್ದು ಮನೆಗೆ ಹೋಗಿ ಭಾಕರಿ ಮುರಿಯುವಾಗ. ತಾರೀಖು ಬೇಡವೆಂದ ಕಾಗದಕ್ಕೆ ನಾನೇ ತಾರೀಖು ಹಾಕಿ ಇಟ್ಟಿದ್ದೆ.

ಹರಿದು ಹಾಕಬಹುದಿತ್ತಲ್ಲ ಎನ್ನುತ್ತೀರಿ. ಹರಿದು ಹಾಕಲು ಎಷ್ಟೋ ಸಲ ಕೈ ಇಟ್ಟಿದ್ದೇನೆ. ನಂಬರು ಹಾಕಿದ ವಹಿಯಿಂದ ಹಾಳೆ ಕೀಳುವುದು ನನ್ನಿಂದಾಗಲಿಲ್ಲ. ಕಾರಕೂನನಿಗೆ ಅದು ದೇವರ ಮುಂದಿನ ದೀಪ ಆರಿಸಿದ ಹಾಗೆ. ಅಕ್ಕಾಸಾಹೇಬರಿಗೆ ಹೇಳಲೂ ಧೈರ್ಯ ಬರಲಿಲ್ಲ. ವಹಿ ಎಲ್ಲರ ಕಣ್ಣೆದುರು ಹಲಗೆಯ ಮೇಲೆ ಇತ್ತು. ಯಾರು ಅದರ ಹತ್ತಿರ ಹೋದರೂ ನನ್ನ ಕಣ್ಣು ಹಿಂದೆಯೇ ಹೋಗುತ್ತಿತ್ತು.

ಅಕ್ಕಾಸಾಹೇಬ ಗೆದ್ದು ದೆಹಲಿಗೆ ಹೋದರು. ಕೋರ್ಟಿನಲ್ಲಿ ಜಡ್ಜನ ಮಾತನ್ನೇ ತಡೆಯುತ್ತಿದ್ದ ಹೆಂಗಸು ಅಲ್ಲಿ ಎರಡು ವರ್ಷ ಬಾಯಿ ತೆರೆಯಲಿಲ್ಲ. ಕೈ ಎತ್ತು ಎಂದಾಗ ಎತ್ತಿದರು, ಇಳಿಸು ಎಂದಾಗ ಇಳಿಸಿದರು. ಊರಿಗೆ ಬಂದಾಗ ಟೆಲಿಫೋನ್ ಹೊಡೆದುಕೊಂಡರೆ ಸಾಕು, ಅವರ ಕೈ ಸೆರಗಿನ ತುದಿಯನ್ನು ಸುತ್ತತೊಡಗುತ್ತಿತ್ತು. ಒಂದು ದಿನ ಕೇಳಿದರು: "ತ್ರಿಂಬಕಕಾಕಾ, ಇವತ್ತಿನ ತಾರೀಖು ಎಷ್ಟು?" ಹೇಳಿದೆ. "ಮುಂಜಾನೆ ಎದ್ದ ಕೂಡ್ಲೇ ಅದೇ ನೆನಪಾಗ್ತದ, ನೋಡ್ರಿ. ಇವತ್ತಿಂದೇ ತುಂಬ್ಯಾರೋ ಏನೋ ಅಂತ." ಆ ಮಾತು ಕೇಳಿ ನನಗೆ ಅಳು ಬಂತು, ಸಿಟ್ಟೂ ಬಂತು.

ಈ ಬೇಸಿಗೆಯಲ್ಲಿ ಗಯಾಬಾಯಿ ಬಂದಳು. ಎಪ್ಪತ್ತು ದಾಟಿದ ಮುದುಕಿ, ಬಿಸಿಲಲ್ಲಿ ನಡೆದೇ ಬಂದಿದ್ದಳು. ಸೆರಗಿನಿಂದ ಒಂದು ಬಾಟಲಿ ತೆಗೆದು ಮೇಜಿನ ಮೇಲಿಟ್ಟಳು. ಒಳಗೆ ಕಾಕಂಬಿ ಬಣ್ಣದ ನೀರು.

"ಇದು ನಮ್ಮ ಬಾವಿ ನೀರು, ಅಕ್ಕಾ. ಬಾಪೂಸಾಹೇಬ್ರ ಸ್ಪಿರಿಟ್ ಫ್ಯಾಕ್ಟರಿ ಹೊಲಸು ಹಳ್ಳಕ್ಕ ಬಿಟ್ಟಾರ. ಎರಡು ಎಮ್ಮಿ ಸತ್ತವು. ಈಗ ಕೂಸುಗಳು ವಾಂತಿ ಮಾಡಾಕ ಹತ್ಯಾವು."

ಬಾಟಲಿ ಮೂರು ದಿನ ಮೇಜಿನ ಮೇಲೇ ಇತ್ತು. ನಾಲ್ಕನೆಯ ದಿನ ಅಕ್ಕಾಸಾಹೇಬ ಆ ಫ್ಯಾಕ್ಟರಿಯ ಬಗ್ಗೆ ಲೋಕಸಭೆಯಲ್ಲಿ ಪ್ರಶ್ನೆ ಕೇಳಲು ನೋಟೀಸು ಬರೆಸಿದರು. ಟೈಪ್ ಮಾಡುತ್ತಿದ್ದ ನಾನು ಎರಡು ಸಲ ತಪ್ಪು ಅಕ್ಷರ ಒತ್ತಿದೆ.

ವಾರದೊಳಗೆ ನಾಗನಾಥ ಬಂದ. ಶನಿವಾರ ಮಧ್ಯಾಹ್ನ, ಕರೆಂಟ್ ಹೋಗಿತ್ತು; ಅಕ್ಕಾಸಾಹೇಬ ತಮ್ಮ ಮೇಜಿನಲ್ಲೇ ಇದ್ದರು. ನನ್ನ ಮೇಜಿನ ಮುಂದೆ ಕೂತು "ಏನು ಸೆಕಿ!" ಎನ್ನುತ್ತ ಹಲಗೆಗೆ ಕೈ ಚಾಚಿದ. ಸಿಕ್ಕ ವಹಿಯನ್ನು ಎಳೆದುಕೊಂಡು ಗಾಳಿ ಬೀಸಿಕೊಳ್ಳತೊಡಗಿದ. ಜಾವಕ ವಹಿ.

"ಅಕ್ಕಾಸಾಹೇಬ, ಸೋಮವಾರ ಸಂಜಿ ತನಕಾ ಟೈಮ್ ಕೊಟ್ಟಾರ. ಪ್ರಶ್ನೆ ವಾಪಸ್ ತಗೋರಿ. ಇಲ್ಲಂದ್ರ ಮಂಗಳವಾರದ ತಾರೀಖು ಚಲೋ ಐತಿ ಅಂದ್ರು ಬಾಪೂಸಾಹೇಬ." ಮಾತಾಡುತ್ತ ವಹಿಯನ್ನು ತೊಡೆಯ ಮೇಲಿಟ್ಟು ಸುಮ್ಮನೆ ಪುಟ ತಿರುವಿದ. "ಕಾಕಾ, ನಿಮ್ಮ ಅಕ್ಷರ ಅಂದ್ರ ಮುತ್ತು ಬಿಡ್ರಿ! ಎಲ್ಲಾ ಬರದಿಡ್ತೀರಿ ಏನು?"

"ಅಭ್ಯಾಸ," ಎಂದೆ. ಅಷ್ಟೇ ಹೊರಟಿದ್ದು.

"ಅಭ್ಯಾಸ ಚಲೋದಲ್ಲ ಈ ವಯಸ್ಸಿನಾಗ." ಇನ್ನೊಂದು ಪುಟ ತಿರುವಿದ. ಅಷ್ಟರಲ್ಲಿ ಕರೆಂಟ್ ಬಂತು, ಫ್ಯಾನ್ ತಿರುಗಿತು. ವಹಿ ಮುಚ್ಚಿ ನನ್ನ ಕಡೆ ತಳ್ಳಿ ಎದ್ದು ಹೋದ. ಜೀಪಿನ ಸದ್ದು ಪೂರ್ತಿ ಅಡಗುವವರೆಗೂ ನಾನು ಕುರ್ಚಿಯಿಂದ ಏಳಲಿಲ್ಲ.

ಆಮೇಲೆ ಕಾರ್ಬನ್ ಪ್ರತಿಯನ್ನೂ ವಹಿಯನ್ನೂ ಅಕ್ಕಾಸಾಹೇಬರ ಮುಂದಿಟ್ಟೆ. ಕಾಲಿಗೆ ಬೀಳುವುದೊಂದು ಬಾಕಿ.

ಅವರು ಠಸ್ಸೆ ನೋಡಿದರು. ವಹಿಯ ನಂಬರು ನೋಡಿದರು. ಅವರೊಳಗಿನ ವಕೀಲೆ ಎದ್ದು ಕೂತದ್ದು ನನಗೆ ಕಂಡಿತು. "ಚುನಾವಣಿಗೆ ಒಂದೂವರಿ ತಿಂಗಳ ಮೊದಲಿಂದು! ಇಲ್ಲದ ಸೀಟಿಗೆ ರಾಜೀನಾಮೆ ಯಾರಾದರೂ ಮನಸಾರೆ ಕೊಡ್ತಾರೇನು ಕಾಕಾ? ಸ್ಪೀಕರ್ ಮುಂದ ಇಟ್ರ ಆ ಕಾಗದ ನಿಲ್ಲಂಗಿಲ್ಲ." ಒಂದು ಗಳಿಗೆ ಮುಖ ಅರಳಿತು. ಆಮೇಲೆ ಹಾಗೇ ಇಳಿದುಹೋಯಿತು. "ಆದ್ರ ಇದನ್ನ ತೋರಿಸಿದ್ರ ಊರಿಗೆಲ್ಲಾ ಗೊತ್ತಾಗ್ತದ. ಸೀಟು ಉಳೀತದ, ಮಾರಿ ಉಳಿಯಂಗಿಲ್ಲ. ಗಯಾಬಾಯಿ ಮುಂದ ಹೆಂಗ ನಿಲ್ಲಲಿ?"

"ಪ್ರಶ್ನೆ ವಾಪಸ್ ತಗೊಂಡ್ರ?" ಎಂದೆ. ಹೇಡಿಯ ಮಾತು, ಗೊತ್ತು. ನನ್ನ ಮಗಳು ಬಾಪೂಸಾಹೇಬರ ಶಾಲೆಯಲ್ಲೇ ಮಾಸ್ತರಿಣಿ.

ಅವರು ಬಾಟಲಿಯ ಕಡೆ ನೋಡಿದರು.

ಭಾನುವಾರ ಬೆಳಿಗ್ಗೆ ನಾವಿಬ್ಬರೂ ಗಯಾಬಾಯಿಯ ಮನೆಗೆ ಹೋದೆವು. ಅಂಗಳದಲ್ಲಿ ಅವಳು ಜೋಳ ಕೇರುತ್ತಿದ್ದಳು. ಅಕ್ಕಾಸಾಹೇಬ ಅವಳ ಮುಂದೆ ನೆಲಕ್ಕೇ ಕೂತು ಎಲ್ಲವನ್ನೂ ಹೇಳಿದರು. ಮೊರ ನಿಂತಿತು.

"ನೀನೂ ಒತ್ತಿದೇನವ್ವಾ?"

"ಒತ್ತಿದೆ."

ಗಯಾಬಾಯಿ ಮೊರವನ್ನು ಕೆಳಗಿಟ್ಟಳು. ಅವಳು ಉಗಿಯುತ್ತಾಳೆಂದೇ ನಾನು ಕಾದೆ.

"ಅವತ್ತು ಕೋರ್ಟಿನಾಗ ನನ್ನ ಕಡಿಂದ ಏನು ಹೇಳಿಸಿದಿ, ನೆನಪೈತೇನು?" ಎಂದಳು ಕೊನೆಗೆ. "ಓದಾಕ ಬರಂಗಿಲ್ಲ, ಅರ್ಜಿ ಅಂದದ್ದನ್ನ ನಂಬಿ ಒತ್ತಿದೆ ಅಂತ ಹೇಳು ಅಂದಿ. ಹೇಳಿದೆ. ನನಗ ಗೊತ್ತಿತ್ತು ಅಕ್ಕಾ, ಅದು ಅರ್ಜಿ ಅಲ್ಲ ಅಂತ. ಗೌಡನ ಮಂದಿ ನನ್ನ ಕೂಸಿನ್ನ ಎತ್ಕೊಂಡು ಬಾಗಿಲಾಗ ನಿಂತಿದ್ರು. ಹೆದರಿದ್ದೆ. ಅದನ್ನ ನಿನಗ ಹೇಳಿದ್ರ, ಹೆದರಿದ್ದಕ್ಕ ಸಾಕ್ಷಿ ಇಲ್ಲ ಅಂದಿ. ಆವತ್ತಿಂದ ಊರ ಮಂದಿಗೆಲ್ಲಾ ನಾ ದಡ್ಡಿ ಗಯಾ. ನನ್ನ ಮೊಮ್ಮಕ್ಕಳೂ ಹಂಗೇ ಕರೀತಾವು." ಮೊರವನ್ನು ಮತ್ತೆ ಕೈಗೆತ್ತಿಕೊಂಡಳು. "ನಿನಗ ಓದಾಕ ಬರ್ತದಲ್ಲ. ನೀ ಏನಂತ ಹೇಳ್ತಿ?"

ಅಕ್ಕಾಸಾಹೇಬ ತಲೆ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಆ ಸಾಕ್ಷಿಯನ್ನು ಟೈಪ್ ಮಾಡಿದವನು ನಾನೇ.

ಸೋಮವಾರ ಪ್ರಶ್ನೆ ವಾಪಸ್ ಹೋಗಲಿಲ್ಲ. ಮಂಗಳವಾರ ಬಾಪೂಸಾಹೇಬ ತಾರೀಖು ತುಂಬಿ ಕಳಿಸಿದರು. ಗುರುವಾರ ಸ್ಪೀಕರ್ ಕರೆಸಿದರು. ವಹಿಯನ್ನು ಎದೆಗವಚಿಕೊಂಡು ನಾನೂ ದೆಹಲಿಗೆ ಹೋದೆ. ದೊಡ್ಡ ಕೋಣೆ, ಕಾಲ ಕೆಳಗೆ ದಪ್ಪ ಜಮಖಾನೆ, ಗೋಡೆಗೆ ಒರಗಿ ನಾಗನಾಥ. ಅವನು ನನ್ನ ಕೈಯ ವಹಿಯನ್ನು ನೋಡಿದ, ಗುರುತು ಹಿಡಿದ. ನನಗೆ ಮೊದಲು ನೆನಪಾದದ್ದು ಮಗಳ ಮುಖ.

ಸ್ಪೀಕರ್ ಕಾರ್ಬನ್ ಪ್ರತಿಯನ್ನು ನೋಡಿದರು, ಇನ್ನೂರ ಹದಿನಾಲ್ಕನ್ನು ನೋಡಿದರು.

"ನೀವು ವಕೀಲರು. ಓದದೆ ಸಹಿ ಮಾಡಿದ್ರಾ?"

ಹೌದು ಎಂದರೆ ಮುಗಿಯುತ್ತಿತ್ತು. ಅವಸರದಲ್ಲಿ ಓದಲಿಲ್ಲ ಎಂದರೆ ಸೀಟೂ ಉಳಿಯುತ್ತಿತ್ತು, ಮಾನವೂ ಅಷ್ಟಿಷ್ಟು ಉಳಿಯುತ್ತಿತ್ತು. ಅವರ ಕೈ ಸೆರಗಿನ ತುದಿಯನ್ನು ಸುತ್ತಿಕೊಂಡಿತ್ತು.

"ಎರಡು ಸಲ ಓದಿದೆ ಸಾಹೇಬ್ರ."

"ಮತ್ತೆ ಯಾಕೆ ಮಾಡಿದ್ರಿ?"

"ಹೆದರಿದ್ದೆ," ಎಂದರು ಅಕ್ಕಾಸಾಹೇಬ. "ಈಗೂ ಹೆದರೀನಿ. ಹಂಗೇ ಬರಕೊಳ್ರಿ."

ಮೂಲೆಯಲ್ಲಿ ಕೂತಿದ್ದ ಅಲ್ಲಿನ ಗುಮಾಸ್ತ ತಲೆ ಎತ್ತಿ ನೋಡಿದ, ಆಮೇಲೆ ಬರೆದುಕೊಂಡ.